ಕರಿಗಾಲೋ, ತಿಳಿಗಾಲೋ?

ಕನ್ನಡಕದಂಗಡಿಯ ಯಜಮಾನರಿಗೂ ಡ್ರಿಲ್ ಮೇಷ್ಟ್ರಿಗೂ ಜಗಳ ಶುರುವಾದರೆ ಆ ಬೀದಿಯಲ್ಲಿ ಒಬ್ಬರೂ ಕಿಟಕಿ ತೆರೆದು ನೋಡುತ್ತಿರಲಿಲ್ಲ. ದಿನಾ ಬರುವ ಹಾಲಿನ ವ್ಯಾನನ್ನು ಯಾರಾದರೂ ಕಿಟಕಿ ತೆರೆದು ನೋಡುತ್ತಾರೆಯೇ? ಜಗಳವಾದರೂ ಎಂಥದ್ದು! ಆಸ್ತಿಯದ್ದಲ್ಲ, ಮಕ್ಕಳ ಮದುವೆಯದ್ದಲ್ಲ, ರಾಜಕೀಯದ್ದಂತೂ ಅಲ್ಲವೇ ಅಲ್ಲ. ಒಂದು ಹಕ್ಕಿಯ ಕಾಲಿನ ಬಣ್ಣದ್ದು.

ಊರಿನ ನೀರಿನ ಟ್ಯಾಂಕಿನ ಹಿಂದೆ ಒಂದು ಕಾಡಿದೆ. ಹುಲಿ ಚಿರತೆ ಇರುವ ಕಾಡಲ್ಲ, ಸಂಜೆ ಜನ ನಾಯಿ ಕಟ್ಟಿಕೊಂಡು ಅಡ್ಡಾಡುವಂಥದ್ದು. ಅಲ್ಲಿ ಎಲೆಗಳ ಸಂದಿಯಲ್ಲಿ ಹುಳ ಹೆಕ್ಕಿ ತಿನ್ನುವ ಪುಟ್ಟ ಉಲಿಯಕ್ಕಿಗಳಿವೆ. ಹೆಬ್ಬೆರಳಿಗಿಂತ ತುಸು ದಪ್ಪ, ಬೆನ್ನು ಮಾಸಲು ಹಸಿರು, ಹೊಟ್ಟೆ ಮಾಸಲು ಹಳದಿ, ಕಣ್ಣಿನ ಮೇಲೊಂದು ತೆಳು ಹುಬ್ಬು. ಒಂದು ಗಳಿಗೆ ಒಂದು ಕಡೆ ಕೂತದ್ದು ಅವುಗಳ ಜನ್ಮದಲ್ಲೇ ಇಲ್ಲ. ಇವುಗಳಲ್ಲಿ ಎರಡು ಜಾತಿ. ಒಂದರ ಕಾಲು ಕಪ್ಪು, ಇನ್ನೊಂದರದ್ದು ತಿಳಿಗಂದು. ಕಪ್ಪು ಕಾಲಿನದ್ದಕ್ಕೆ ಬಾಲವನ್ನು ಕೆಳಕ್ಕೆ ಕೆಳಕ್ಕೆ ಅದುಮುವ ಚಟ, ಇನ್ನೊಂದಕ್ಕೆ ಆ ಚಟವಿಲ್ಲ. ಅಷ್ಟೇ ವ್ಯತ್ಯಾಸ! ಮಿಕ್ಕಂತೆ ಹೆತ್ತ ತಾಯಿಗೂ ಗುರುತು ಸಿಗದಷ್ಟು ಒಂದೇ ಥರ. ಯಜಮಾನರೂ ಮೇಷ್ಟ್ರೂ ಒಂದಕ್ಕೆ ಕರಿಗಾಲು, ಇನ್ನೊಂದಕ್ಕೆ ತಿಳಿಗಾಲು ಎಂದು ತಾವೇ ಹೆಸರಿಟ್ಟುಕೊಂಡಿದ್ದರು. ಜೊತೆಗೊಂದು ಕಾನೂನನ್ನೂ ಮಾಡಿಕೊಂಡಿದ್ದರು. ಒಂದು ಮರದಲ್ಲಿ ಹಕ್ಕಿ ಕಂಡರೆ, ಅದು ಯಾವುದೆಂದು ಇಬ್ಬರೂ ಒಪ್ಪುವ ತನಕ ಆ ಮರದ ಬುಡ ಬಿಟ್ಟು ಕದಲುವಂತಿಲ್ಲ. ಹಕ್ಕಿ ಯಾವಾಗಲೋ ಹಾರಿಹೋಗಿರುತ್ತಿತ್ತು. ಇವರಿಬ್ಬರು ಮಾತ್ರ ಬಿಸಿಲು ನೆತ್ತಿಗೇರಿದರೂ ಅಲ್ಲೇ ನಿಂತು, ಇಲ್ಲದ ಹಕ್ಕಿಯ ಇಲ್ಲದ ಕಾಲಿಗೆ ಬಡಿದಾಡುತ್ತಿದ್ದರು.

ಕಾಡಿನಲ್ಲೇ ಮುಗಿದಿದ್ದರೆ ಯಜಮಾನರ ಹೆಂಡತಿಗೆ ಏನೂ ಬೇಸರವಿರಲಿಲ್ಲ. ಆದರೆ ಮರದ ಬುಡದಲ್ಲಿ ಒಪ್ಪಿ ಬಂದ ಮೇಲೂ ಅರ್ಧ ಜಗಳ ಅಂಗಡಿಗೆ ಬರುತ್ತಿತ್ತಲ್ಲ! ಗಿರಾಕಿಯನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಏರಿಸಿ, ಅದಕ್ಕೊಂದು ಗಾಜು ಸಿಕ್ಕಿಸಿ "ಈಗ ಕಾಣುತ್ತಾ?" ಎಂದು ಕೇಳುವ ಹೊತ್ತಿಗೆ ಸರಿಯಾಗಿ ಮೇಷ್ಟ್ರು ಬಾಗಿಲಲ್ಲಿ ಕಾಣಿಸಿಕೊಳ್ಳುತ್ತಿದ್ದರು. "ಊರವರ ಕಣ್ಣೆಲ್ಲ ಪರೀಕ್ಷೆ ಮಾಡ್ತೀಯಲ್ಲಯ್ಯಾ, ನಿನ್ನ ಕಣ್ಣನ್ನ ಯಾವಾಗ ಮಾಡ್ಕೋತೀಯಾ?" ಎನ್ನುತ್ತಿದ್ದರು. ಅಲ್ಲಿಗೆ ವ್ಯಾಪಾರ ಮುಗಿದಂತೆ. ಒಮ್ಮೆ ಒಬ್ಬ ಬೇಕರಿಯವನು ಇವರ ಕೂಗಾಟಕ್ಕೆ ಹೆದರಿ, ಪರೀಕ್ಷೆಯ ಚೌಕಟ್ಟು ಮೂಗಿನ ಮೇಲಿರುವಾಗಲೇ ಎದ್ದು ಮನೆಗೆ ಹೋಗಿದ್ದ. ಆವತ್ತು ಆಕೆ ಕೌಂಟರ್ ಬಡಿದು ಹೇಳಿದ್ದರು: "ಇನ್ನು ಮೇಲೆ ಈ ಅಂಗಡಿ ಒಳಗೆ ಹಕ್ಕಿ ಸುದ್ದಿ ಎತ್ತಿದ್ರೆ ಇಬ್ಬರನ್ನೂ ಹೊರಗೆ ಹಾಕಿ ಶಟರ್ ಎಳೀತೀನಿ. ದೇವರೇ, ಒಂದಿನವಾದ್ರೂ ಈ ಮನುಷ್ಯನ ಬಾಯಿ ಮುಚ್ಚಿಸಪ್ಪಾ!"

ಸಿಟ್ಟಿನಲ್ಲಿ ಎಲ್ಲ ಹೆಂಡಂದಿರೂ ಆಡುವ ಮಾತು. ಅದಕ್ಕೂ ಮುಂದೆ ಆದದ್ದಕ್ಕೂ ಸಂಬಂಧವೇ ಇಲ್ಲ ಎಂದು ಮಗಳು ಸಾವಿರ ಸಲ ಹೇಳಿದಳು. ಆದರೂ ಆಕೆಯ ಹೊಟ್ಟೆಯೊಳಗೆ ಅದು ಮುಳ್ಳಿನ ಹಾಗೆ ಕೂತುಬಿಟ್ಟಿತ್ತು.

ಆದದ್ದಿಷ್ಟು. ಯಜಮಾನರು ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಬಚ್ಚಲಲ್ಲಿ ಕುಸಿದರು. ತಲೆಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿಸಿದ್ದರಿಂದ ಜೀವ ಉಳಿಯಿತು, ಕೈ ಬಂತು, ಕಾಲು ಬಂತು. ಮಾತು ಮಾತ್ರ ಬರಲಿಲ್ಲ. ಹೇಳಿದ್ದೆಲ್ಲ ತಿಳಿಯುತ್ತಿತ್ತು, ಹೇಳಬೇಕಾದ್ದೂ ತಲೆಯಲ್ಲಿತ್ತು. ಬಾಯಿಗೆ ಬರುವಾಗ ಯಾರೋ ಪದಗಳ ಪೆಟ್ಟಿಗೆಯನ್ನು ಕಲಸಿಟ್ಟಂತೆ ಬೇರೆಯದೇ ಪದ ಬರುತ್ತಿತ್ತು. ಟವೆಲ್ ಬೇಕಾದಾಗ "ಬಾಗಿಲು" ಎನ್ನುತ್ತಿದ್ದರು. ಮಗಳನ್ನು "ಸ್ಕ್ರೂ" ಎಂದು ಕರೆದುಬಿಟ್ಟರು. ಮಗಳು ನಕ್ಕಳು, ಅಮ್ಮನೂ ನಕ್ಕರು, ಯಜಮಾನರು ನಗಲಿಲ್ಲ. ಆಮೇಲೆ ಪ್ರಯತ್ನಿಸುವುದನ್ನೇ ಬಿಟ್ಟರು. ಎಲ್ಲದಕ್ಕೂ ಒಂದು "ಹ್ಞಾಂ", ಇಲ್ಲದಿದ್ದರೆ ತಲೆಯಾಡಿಸುವುದು, ಅಷ್ಟೇ.

ಅಂಗಡಿಯನ್ನು ಈಗ ಮಗಳೇ ನೋಡಿಕೊಳ್ಳುತ್ತಿದ್ದಳು. ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಯಂತ್ರ ಗುಂಯ್ ಎನ್ನುತ್ತಿತ್ತು, ಗೋಡೆಯ ಮೇಲೆ ದೊಡ್ಡಕ್ಷರದಿಂದ ಸಣ್ಣಕ್ಷರಕ್ಕೆ ಇಳಿಯುವ ಹಾಳೆ ನೇತಾಡುತ್ತಿತ್ತು. ಯಜಮಾನರು ಮೂಲೆಯ ಸ್ಟೂಲಿನಲ್ಲಿ ಕೂತು, ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸುತ್ತಿದ್ದರು. ಆ ಗುಂಯ್ ಬಿಟ್ಟರೆ ಅಂಗಡಿ ಆಸ್ಪತ್ರೆಗಿಂತ ನಿಶ್ಶಬ್ದವಾಗಿತ್ತು.

ಮಾತು ಕಲಿಸುವ ಡಾಕ್ಟರಮ್ಮ ನೇರ ಮಾತಿನವಳು. "ಇವರಿಗೆ ಮಾತು ಪೂರಾ ಹೋಗಿಲ್ಲಮ್ಮ. ಆದ್ರೆ ಇವರು ಬಾಯಿಬಿಡೋಕೆ ಮೊದಲೇ ನೀವು ನೀರು ತಂದಿಡ್ತೀರಾ, ಫ್ಯಾನ್ ಹಾಕ್ತೀರಾ. ಇನ್ನು ಮಾತು ಯಾಕೆ ಬೇಕು ಅವರಿಗೆ? ಈಗ ಬಿಟ್ರೆ ಸುಮ್ಮನಿರೋದೇ ಅಭ್ಯಾಸ ಆಗಿಹೋಗುತ್ತೆ. ಅವರಿಗೆ ಮಾತಾಡ್ಲೇಬೇಕು ಅನ್ನಿಸೋ ಹಾಗೆ ಏನಾದ್ರೂ ಮಾಡಿ" ಎಂದಳು.

ಏನು ಮಾಡುವುದು? ಆಕೆ ನೀರು ತಂದಿಡುವುದನ್ನು ನಿಲ್ಲಿಸಿದರು. ಯಜಮಾನರು ತಾವೇ ಎದ್ದು ಹೋಗಿ ಕುಡಿದುಬಂದರು. ಆಕೆ ಗೋಡೆಯ ಅಕ್ಷರ ತೋರಿಸಿ "ಓದಿ" ಎಂದರು. ಜೀವಮಾನವೆಲ್ಲ ಬೇರೆಯವರ ಕೈಯಲ್ಲಿ ಅದನ್ನು ಓದಿಸಿದ ಮನುಷ್ಯ, ಹೆಂಡತಿಯನ್ನು ಒಮ್ಮೆ ನೋಡಿ, ಮುಖ ತಿರುಗಿಸಿ ಗೋಡೆಗೆ ಬೆನ್ನು ಹಾಕಿ ಕೂತರು. ಆ ದಿನ ಆಕೆ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಮನಸಾರೆ ಅತ್ತರು.

ಇನ್ನು ಮೇಷ್ಟ್ರ ಕಥೆ ಕೇಳಿ. ಒಂದು ಕಾಲಕ್ಕೆ ಅವರು ಮೈದಾನದ ಈ ತುದಿಯಲ್ಲಿ "ಸಾವ್‌ಧಾನ್!" ಎಂದರೆ ಆ ತುದಿಯ ನಾಯಿಯೂ ನೆಟ್ಟಗೆ ನಿಲ್ಲುತ್ತಿತ್ತಂತೆ. ಅಂಥ ಗಂಟಲಿನವರು ಈಗ ದಿನಾ ಬೆಳಿಗ್ಗೆ ಬಂದು ಗೆಳೆಯನ ಕೈ ಹಿಡಿದು, ತೊಟ್ಟಿಲ ಕೂಸನ್ನು ಮಾತಾಡಿಸಿದ ಹಾಗೆ ಮಾತಾಡಿಸುತ್ತಿದ್ದರು. "ಬಾರಪ್ಪಾ, ನಿಧಾನ, ಮೆಟ್ಟಿಲು ನೋಡ್ಕೋಪ್ಪಾ." ಕಾಡಿಗೆ ಕರೆದುಕೊಂಡು ಹೋಗುತ್ತಿದ್ದರು, ಹೋದಷ್ಟೇ ಬೇಗ ಕರೆದುಕೊಂಡೂ ಬರುತ್ತಿದ್ದರು. ಜಗಳವೇ ಇಲ್ಲದ ಮೇಲೆ ಒಂದು ಮರದ ಕೆಳಗೆ ಎಷ್ಟು ಹೊತ್ತು ನಿಂತಾರು?

"ಏನು ನೋಡಿದ್ರಿ ಮೇಷ್ಟ್ರೇ?" ಎಂದು ಆಕೆ ಒಂದು ದಿನ ಕೇಳಿದರು.

ಮೇಷ್ಟ್ರು ಆಕೆಯನ್ನು ಬದಿಗೆ ಕರೆದು ಪಿಸುಗುಟ್ಟಿದರು: "ಏನಾದ್ರೇನು ಅತ್ತಿಗೆ. ಅವನು ಬೆರಳು ತೋರಿಸ್ತಾನೆ, ನಾನು ಹೌದಪ್ಪಾ ಅಂತೀನಿ. ಪಾಪ, ಕಾಗೆ ತೋರಿಸಿ ಕೋಗಿಲೆ ಅಂದ್ರೂ ನಾನು ಹೌದು ಅಂತೀನಿ."

ಆಕೆಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಮಧ್ಯಾಹ್ನ ಅಂಗಡಿಯನ್ನು ಮಗಳಿಗೆ ಒಪ್ಪಿಸಿ, ಸೀದಾ ಮೇಷ್ಟ್ರ ಮನೆಗೆ ನಡೆದರು.

ಮೇಷ್ಟ್ರು ಹಿತ್ತಿಲಲ್ಲಿ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಚೈನಿಗೆ ಎಣ್ಣೆ ಬಿಡುತ್ತಿದ್ದರು. ಆಕೆಯನ್ನು ಕಂಡವರೇ ಎಣ್ಣೆಯ ಕೈಯಲ್ಲೇ ಗಾಬರಿಯಾಗಿ ಎದ್ದರು. "ಏನಾಯ್ತು ಅತ್ತಿಗೆ? ಅವನಿಗೇನಾದ್ರೂ..."

"ಅವರು ಚೆನ್ನಾಗಿದ್ದಾರೆ. ನೀವು ನಂಗೊಂದು ಉಪಕಾರ ಮಾಡ್ಬೇಕು."

"ಹೇಳಿ ತಾಯಿ, ಪ್ರಾಣ ಕೇಳಿದ್ರೂ ಕೊಡ್ತೀನಿ."

"ಪ್ರಾಣ ನೀವೇ ಇಟ್ಕೊಳ್ಳಿ. ನನ್ನ ಗಂಡನ ಜೊತೆ ಜಗಳ ಆಡಿ."

ಮೇಷ್ಟ್ರು ಎಣ್ಣೆ ಡಬ್ಬಿಯನ್ನು ಕೆಳಗಿಟ್ಟರು. "ಏನಂದ್ರಿ?"

"ಕಿವಿಗೆ ಬಿತ್ತಲ್ಲ. ಜಗಳ! ಮೊದಲು ಆಡ್ತಿದ್ರಲ್ಲ, ಹಾಗೇ. ಕತ್ತೆ ಅಂತಿದ್ರಿ, ಕುರುಡ ಅಂತಿದ್ರಿ, ಕನ್ನಡಕ ಮಾರೋ ಲೈಸೆನ್ಸ್ ನಿಂಗೆ ಯಾರಯ್ಯಾ ಕೊಟ್ಟಿದ್ದು ಅಂತಿದ್ರಿ."

"ಅದು ಆಗಿನ ಮಾತು ಅತ್ತಿಗೆ." ಮೇಷ್ಟ್ರ ದನಿ ಸಣ್ಣದಾಯಿತು. "ಈಗ ಅವನು ಒಂದು ಮಾತು ಹುಡುಕೋ ಹೊತ್ತಿಗೆ ನಾನು ನೂರು ಮಾತಾಡಿರ್ತೀನಿ. ಅದು ಜಗಳ ಆಗುತ್ತಾ? ಕೈಕಟ್ಟಿ ಹಾಕಿದವನಿಗೆ ಹೊಡೆದ ಹಾಗಾಗುತ್ತೆ."

"ಕೈ ಕಟ್ಟಿರೋದೇ ನೀವು! ನೀವು, ನಾನು, ನಮ್ಮ ಮಗಳು, ಎಲ್ಲರೂ ಸೇರಿ. ಹೌದಪ್ಪಾ ಹೌದಪ್ಪಾ ಅಂತ ಹೇಳಿ ಹೇಳಿ ಆ ಮನುಷ್ಯನ್ನ ಮೂಲೇಲಿ ಕೂರಿಸಿದ್ದೀವಿ. ಮೇಷ್ಟ್ರೇ, ಆ ಮನೇಲಿ ನಂಗೆ ಉಸಿರು ಕಟ್ಟುತ್ತೆ. ಅವರ ಧ್ವನಿ ಹೇಗಿತ್ತು ಅನ್ನೋದೇ ಮರೆತುಹೋಗೋ ಹಾಗಾಗಿದೆ. ನಂಗೆ ಅವರ ಕೂಗಾಟ ಬೇಕು. ಬೈಲಿ, ಎಗರಾಡ್ಲಿ, ಗಿರಾಕಿಗಳೆಲ್ಲ ಓಡಿಹೋಗ್ಲಿ, ನಂಗೆ ಚಿಂತೆ ಇಲ್ಲ."

ಮೇಷ್ಟ್ರ ಕಣ್ಣು ಒದ್ದೆಯಾಯಿತು. ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಎಣ್ಣೆ ಮೆತ್ತಿಕೊಂಡು, "ಆಯ್ತು ಅತ್ತಿಗೆ. ನಾಳೆ ಅವನು ತಪ್ಪು ಹೇಳ್ಲಿ, ಬಿಡೋದಿಲ್ಲ. ಮಾತು ಕೊಟ್ಟೆ" ಎಂದರು.

ಆ ಮಾತಿನ ಮೇಲೆ ಆಕೆಗೆ ಪೂರ್ತಿ ನಂಬಿಕೆ ಇರಲಿಲ್ಲ. ಹಾಗಾಗಿ ಮರುದಿನ ಬೆಳಿಗ್ಗೆ ತಾವೂ ಚಪ್ಪಲಿ ಮೆಟ್ಟಿ ಹೊರಟರು. ಯಜಮಾನರು ಹುಬ್ಬೇರಿಸಿದರು. ಹಕ್ಕಿ ಎಂದರೆ ಮೂಗು ಮುರಿಯುವ ಹೆಂಡತಿ ಕಾಡಿಗೆ ಬರುತ್ತಾಳೆಂದರೆ ಯಾರಿಗಾದರೂ ಅನುಮಾನ ಬಾರದೇ? "ವಾಕಿಂಗ್ ಮಾಡಿ ಅಂತ ಡಾಕ್ಟ್ರು ಹೇಳಿದ್ದಾರೆ. ನಂಗೂ ಮಂಡಿ ನೋವು" ಎಂದು ಆಕೆ ಮುಂದೆ ನಡೆದರು.

ಟ್ಯಾಂಕಿನ ಹಿಂದಿನ ದಾರಿಯಲ್ಲಿ ಎಲೆಗಳು ಇನ್ನೂ ಮಂಜಿಗೆ ಒದ್ದೆಯಾಗಿದ್ದವು. ಬಿಸಿಲು ಮರಗಳ ತುದಿಗೆ ಮಾತ್ರ ಬಿದ್ದಿತ್ತು. ಎಲ್ಲೆಲ್ಲಿಂದಲೋ ಚಿಲಿಪಿಲಿ ಕೇಳುತ್ತಿತ್ತು, ಒಂದು ಹಕ್ಕಿಯೂ ಕಾಣುತ್ತಿರಲಿಲ್ಲ. ಇದರಲ್ಲಿ ಇವರಿಗೆ ಅದೇನು ಸಿಗುತ್ತದೋ ಎಂದು ಆಕೆ ಅಂದುಕೊಳ್ಳುತ್ತಿರುವಾಗಲೇ ಯಜಮಾನರು ನಿಂತುಬಿಟ್ಟರು. ಮುಖ ಮೇಲಕ್ಕೆತ್ತಿ ಕೈ ಅಡ್ಡ ಚಾಚಿ ಇಬ್ಬರನ್ನೂ ತಡೆದರು.

ತಲೆಯ ಮೇಲಿನ ರೆಂಬೆಯಲ್ಲಿ ಎಲೆಯೊಂದು ಅಲುಗಿತು. ಗಾಳಿ ಇರಲಿಲ್ಲ. ಪಕ್ಕದ ಎಲೆಯೂ ಅಲುಗಿತು. ಆಮೇಲೆ ಎಲೆಯ ಹಿಂದಿನಿಂದ ಒಂದು ಹಸಿರು ಚೂರು ಜಿಗಿದು ಹೊರಬಂತು.

ಯಜಮಾನರು ದುರ್ಬೀನು ಕಣ್ಣಿಗಿಟ್ಟು ಬಹಳ ಹೊತ್ತು ನೋಡಿದರು. ಮೇಷ್ಟ್ರೂ ನೋಡಿದರು. ಆಮೇಲೆ ಯಜಮಾನರಿಗೆ ಏನನ್ನಿಸಿತೋ, ತಮ್ಮ ದುರ್ಬೀನನ್ನು ಕತ್ತಿನಿಂದ ತೆಗೆದು ಹೆಂಡತಿಯ ಕತ್ತಿಗೆ ಹಾಕಿದರು. ಇಷ್ಟು ವರ್ಷದಲ್ಲಿ ಇದೇ ಮೊದಲು.

ಆಕೆಗೆ ಮೊದಲು ಬರೀ ಎಲೆ ಕಂಡಿತು, ಆಮೇಲೆ ಬರೀ ಆಕಾಶ. ಯಜಮಾನರು ಆಕೆಯ ಮೊಣಕೈಯನ್ನು ಹಿಡಿದು ತುಸು ಎಡಕ್ಕೆ ತಿರುಗಿಸಿದರು. ಅಗೋ! ಅಯ್ಯಯ್ಯೋ, ಎಷ್ಟು ಹತ್ತಿರ! ಹಕ್ಕಿ ಎಲೆಯ ಅಡಿಗೆ ಕತ್ತು ಚಾಚಿ ಒಂದು ಹುಳವನ್ನು ಎಳೆದುಕೊಂಡಿತು, ಗುಳುಂ ಎನಿಸಿತು, ಕೊಕ್ಕನ್ನು ರೆಂಬೆಗೆ ಆ ಕಡೆ ಈ ಕಡೆ ಒರೆಸಿತು. ಕಣ್ಣಿನ ಮೇಲಿನ ತೆಳು ಹುಬ್ಬು ಯಾರೋ ಸಣ್ಣ ಕುಂಚದಲ್ಲಿ ಎಳೆದ ಹಾಗಿತ್ತು. ಇಂಥದ್ದೊಂದು ಜೀವ ತಮ್ಮ ಊರಿನಲ್ಲೇ, ತಮ್ಮ ನೀರಿನ ಟ್ಯಾಂಕಿನ ಹಿಂದೆಯೇ ದಿನಾ ಇತ್ತಲ್ಲಾ ಎಂದು ಆಕೆಗೆ ಸಂತೋಷಕ್ಕೆ ನಗು ಬಂದುಬಿಟ್ಟಿತು. ಆ ನಗುವಿನ ನಡುವೆಯೂ ಕಾಲು ನೋಡುವುದನ್ನು ಮರೆಯಲಿಲ್ಲ. ಕಪ್ಪು. ಮಸಿಯಲ್ಲಿ ಅದ್ದಿ ತೆಗೆದಷ್ಟು ಕಪ್ಪು. ಬಾಲವೂ ಕೆಳಕ್ಕೆ, ಕೆಳಕ್ಕೆ, ಕೆಳಕ್ಕೆ ಅದುಮುತ್ತಲೇ ಇತ್ತು. ಇದನ್ನು ಗುರುತಿಸಲು ಇಷ್ಟು ವರ್ಷ ಬಡಿದಾಡಬೇಕಿತ್ತೇ?

"ತಿಳಿ..." ಎಂಬ ದನಿ ಪಕ್ಕದಿಂದ ಕೇಳಿತು.

ಆಕೆ ದುರ್ಬೀನು ಇಳಿಸಿದರು. ಯಜಮಾನರ ತುಟಿ ಅದುರುತ್ತಿತ್ತು. ಹಣೆಯ ನರ ಉಬ್ಬಿತ್ತು. "ತಿಳಿ... ತಿಳಿಗಾಲು" ಎಂದರು.

ಪದ ಬಂದಿತ್ತು! ಟವೆಲಿಗೆ ಬಾಗಿಲು ಎಂದಂತಲ್ಲ, ಹಕ್ಕಿಗೆ ಹಕ್ಕಿಯ ಹೆಸರೇ ಬಂದಿತ್ತು. ಹಕ್ಕಿ ತಪ್ಪು, ಆದರೇನು! ತಪ್ಪಾದದ್ದೇ ಒಳ್ಳೆಯದಾಯಿತು. ಆಕೆ ತಟ್ಟನೆ ಮೇಷ್ಟ್ರ ಕಡೆ ನೋಡಿದರು. ಈಗ ಹೇಳಿ ಮೇಷ್ಟ್ರೇ. ಬಿಡಬೇಡಿ. ಕತ್ತೆ ಅನ್ನಿ, ಕುರುಡ ಅನ್ನಿ.

ಮೇಷ್ಟ್ರು ಬಾಯಿ ತೆರೆದರು. ಗೆಳೆಯನ ಅದುರುವ ತುಟಿಯನ್ನು ನೋಡಿದರು. ತೆರೆದ ಬಾಯಿ ಹಾಗೇ ಮೆತ್ತಗಾಯಿತು. "ಹೌದಪ್ಪಾ" ಎಂದರು. "ತಿಳಿಗಾಲೇ. ನಿನ್ನ ಕಣ್ಣು ಅಂದ್ರೆ ಕಣ್ಣಪ್ಪಾ."

ಥೂ! ಆಕೆಗೆ ಆ ಮನುಷ್ಯನನ್ನು ಅಲ್ಲೇ ಪೊದೆಗೆ ನೂಕಿಬಿಡಬೇಕೆನಿಸಿತು. ಆದರೆ ನೂಕುವ ಮೊದಲೇ ಯಜಮಾನರು ಮುಂದೆ ಬಂದಿದ್ದರು. ಮುಖ ಕೆಂಪಗಾಗಿತ್ತು. ಮೇಷ್ಟ್ರ ಅಂಗಿಯ ಗುಂಡಿಗೆ ಬೆರಳು ಒತ್ತಿ ನಿಂತರು.

"ಸು... ಸುಳ್ಳ!"

"ಏನಪ್ಪಾ?"

"ಅಪ್ಪಾ ಅನ್ಬೇಡ! ಕತ್ತೆ!" ಕತ್ತೆ ಎಂಬುದು ಎಲ್ಲೂ ತಡೆಯದೆ, ಎಣ್ಣೆ ಹಚ್ಚಿದ ಹಾಗೆ ಜಾರಿಬಂತು. "ಕರಿ! ಕರಿಗಾಲು! ಬಾಗಿಲು ನೋಡು... ಬಾಗಿಲಲ್ಲ... ಬಾಲ! ಬಾಲ ನೋಡು! ಗೊತ್ತು ನಿಂಗೆ. ಗೊತ್ತು! ನಾನು ಬೇಕೂಂತ... ಬೇಕೂಂತ ಹೇಳ್ದೆ. ತಪ್ಪು. ನೋಡೋಣ ಅಂತ. ನೀನು ಹೌದು ಅಂತೀಯಾ? ಹೌದು ಅಂತೀಯಾ ನಂಗೆ?"

ಆಕೆ ದುರ್ಬೀನಿನ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತರು. ಯಜಮಾನರು ತಪ್ಪು ನೋಡಿರಲಿಲ್ಲ. ಗೆಳೆಯ ತನ್ನನ್ನು ಇನ್ನೂ ಎದುರಾಳಿ ಎಂದುಕೊಂಡಿದ್ದಾನೋ, ರೋಗಿ ಎಂದುಕೊಂಡಿದ್ದಾನೋ ತಿಳಿಯಲೆಂದೇ ತಪ್ಪು ಹೇಳಿದ್ದರು. ಇಷ್ಟು ದಿನ ಆ ಮೂಲೆಯ ಸ್ಟೂಲಿನಲ್ಲಿ ಕೂತು ಈ ಮನುಷ್ಯ ಎಷ್ಟು ಹೌದಪ್ಪಾಗಳನ್ನು ನುಂಗಿರಬೇಕು!

ಆಮೇಲೆ ನೋಡಿ, ಮೇಷ್ಟ್ರ ಮೈದಾನದ ಗಂಟಲು ಹೊರಬಂತು.

"ಬೇಕೂಂತ ಹೇಳಿದ್ಯಾ? ನಂಗೇ ಬಲೆ ಹಾಕ್ತೀಯೇನೋ ಕುರುಡ! ನಿಂಗೆ ಹುಷಾರಿಲ್ಲ ಅಂತ ಸುಮ್ಮನಿದ್ರೆ ತಲೆ ಮೇಲೆ ಹತ್ತಿ ಕೂತ್ಕೋತೀಯಾ?"

"ಹುಷಾರಿದೀನಿ! ಮಾತು... ಮಾತಿಗೆ ಹುಷಾರಿಲ್ಲ. ಕಣ್ಣಿಗಲ್ಲ!"

"ಹೋದ ವರ್ಷ ಇದೇ ಮರದಲ್ಲಿ ಕರಿಗಾಲನ್ನ ತಿಳಿಗಾಲು ಅಂತ ಸಾಧಿಸಿದ್ದು ಯಾರು? ಅದೂ ಬೇಕೂಂತಲೇ ಹೇಳಿದ್ದಾ?"

"ಅದು ತಿಳಿ! ಅದು ತಿಳಿಗಾಲೇ!"

"ಅಲ್ಲ!"

"ಹೌದು!"

ಹಕ್ಕಿ ಹಾರಿಹೋಯಿತು. ಆ ಕಡೆಯಿಂದ ನಾಯಿ ಹಿಡಿದುಕೊಂಡು ಬರುತ್ತಿದ್ದ ಹೆಂಗಸೊಬ್ಬಳು ಇವರನ್ನು ನೋಡಿ ದಾರಿ ಬದಲಿಸಿದಳು. ಯಜಮಾನರ ಅರ್ಧ ಪದಗಳು ಅಡ್ಡಾದಿಡ್ಡಿ ಬರುತ್ತಿದ್ದವು. ಕೊಕ್ಕಿಗೆ ಸ್ಕ್ರೂ ಎಂದರು, ರೆಂಬೆಗೆ ಬಸ್ಸು ಎಂದರು. ಮೇಷ್ಟ್ರು ಒಂದಕ್ಕೂ ಕನಿಕರ ತೋರಿಸಲಿಲ್ಲ. "ಬಸ್ಸಲ್ಲ ಕಣಯ್ಯಾ ರೆಂಬೆ, ಸರಿಯಾಗಿ ಹೇಳಿ ಜಗಳ ಆಡು!" ಎಂದು ಗದರಿದರು. ಯಜಮಾನರು ಹಲ್ಲು ಕಚ್ಚಿ "ರೆಂಬೆ! ರೆಂಬೆ!" ಎಂದು ಎರಡು ಸಲ ಹೇಳಿ ಮುಂದುವರಿದರು. ಡಾಕ್ಟರಮ್ಮ ಇದನ್ನು ನೋಡಿದ್ದರೆ ಮೇಷ್ಟ್ರನ್ನೇ ಕೆಲಸಕ್ಕಿಟ್ಟುಕೊಳ್ಳುತ್ತಿದ್ದಳು.

ಆಕೆ ಅಲ್ಲೇ ಬಿದ್ದಿದ್ದ ಮರದ ಮೇಲೆ ಕೂತರು. ಸೀರೆ ಒದ್ದೆಯಾಯಿತು, ಆಗಲಿ. ಕಣ್ಣಿನಿಂದ ನೀರು ಧಾರಾಕಾರ ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳುವಷ್ಟು ಪುರುಸೊತ್ತೂ ಆಕೆಗಿರಲಿಲ್ಲ. ಆ ಒರಟು ದನಿ, ಕೊನೆಗೆ ಒಡೆದು ಕೀರಲಾಗುವ ಅದೇ ದನಿ, ಒಂದು ಚೂರೂ ಬದಲಾಗಿರಲಿಲ್ಲ. ಇದಕ್ಕಿಂತ ಸುಖ ಬೇರೆ ಬೇಕೇ ಎಂದುಕೊಂಡರು.

ಕೊನೆಗೆ ಮೇಷ್ಟ್ರಿಗೆ ದಮ್ಮು ಹತ್ತಿತು. ಹೋದ ವರ್ಷದ್ದು ಬಗೆಹರಿಯುವ ಹಾಗಿರಲಿಲ್ಲ. ಈವತ್ತಿನದ್ದಕ್ಕೆ ಮಾತ್ರ ಇಬ್ಬರೂ ಒಪ್ಪಿದ್ದರು. "ಕರಿಗಾಲು ತಾನೆ? ಆಯ್ತು, ಕರಿಗಾಲು. ಅತ್ತಿಗೆ, ನೀವೂ ನೋಡಿದ್ರಲ್ಲ, ಹೇಳಿಬಿಡಿ. ಮನೆಗೆ ಹೋಗೋಣ" ಎಂದರು.

ಯಜಮಾನರೂ ಸುಸ್ತಾಗಿದ್ದರು. ಬಾಯಿ ಮುಚ್ಚಿದ್ದರು. ಹೆಂಡತಿಯ ಕಡೆ ನೋಡಿ, ಹೌದೆಂದರೆ ಸಾಕು ಎನ್ನುವ ಹಾಗೆ ತಲೆಯಾಡಿಸಿದರು. ಆ ತಲೆಯಾಡಿಸುವಿಕೆ ಆಕೆಗೆ ಚೆನ್ನಾಗಿ ಗೊತ್ತಿತ್ತು. ಮನೆಗೆ ಹೋದರೆ ಮತ್ತೆ ಅದೇ ಸ್ಟೂಲು, ಅದೇ ಹ್ಞಾಂ?

ಮಸಿಯಲ್ಲಿ ಅದ್ದಿ ತೆಗೆದಂಥ ಆ ಕಾಲುಗಳು ಇನ್ನೂ ಆಕೆಯ ಕಣ್ಣ ಮುಂದೆಯೇ ಇದ್ದವು.

"ನಂಗೇನೋ" ಎಂದು ಆಕೆ ಸೆರಗಿನಿಂದ ನಿಧಾನವಾಗಿ ಕಣ್ಣೊರೆಸಿಕೊಂಡರು. "ತಿಳಿಗಾಲೇ ಕಂಡಿದ್ದು."

"ಏನು?" ಎಂದರು ಮೇಷ್ಟ್ರು.

"ಬೆಳ್ಳಗಿತ್ತು. ಬಾಲಾನೂ ಅಲ್ಲಾಡ್ಲಿಲ್ಲ."

ಯಜಮಾನರು ಒಂದು ಕ್ಷಣ ಆಕೆಯನ್ನೇ ದಿಟ್ಟಿಸಿದರು. ಆಮೇಲೆ ತೋಳು ಮಡಚಿಕೊಳ್ಳುತ್ತಾ ಬಂದು, ಬಿದ್ದ ಮರದ ಮೇಲೆ ಆಕೆಯ ಪಕ್ಕದಲ್ಲೇ ಕೂತರು. ಉಸಿರೆಳೆದುಕೊಂಡರು.

"ಲೇ" ಎಂದರು. "ನಿಂಗೆ... ನಿಂಗೆ ಹಕ್ಕಿ ಬಗ್ಗೆ ಏನೇ ಗೊತ್ತು? ಬೆಳಕು... ಬೆಳಕು ನೇರವಾಗಿ ಬಿದ್ರೆ ಕಾಲು ಬೆಳ್ಳಗೆ... ಸುಮ್ನಿರು, ಮಧ್ಯೆ ಬಾಯಿ ಹಾಕ್ಬೇಡ, ನಾನು ಹೇಳ್ತೀನಿ ಕೇಳು."

"ಹೇಳಿ" ಎಂದರು ಆಕೆ.